ಮುಕ್ತಾಯಕ್ಕನ ಶೋಕ, ಸಿದ್ಧರಾಮನ ಕೋಪ: ಶರಣಸಾಹಿತ್ಯದಲ್ಲಿ ತನ್ನನ್ನು ತಾನು ಒಪ್ಪಿಕೊಳ್ಳುವ ಬಗೆ

ಶೂನ್ಯಸಂಪಾದನೆಯನ್ನು ತತ್ತ್ವಗ್ರಂಥವೆಂದು ಓದುವುದು ನಮ್ಮಲ್ಲಿ ವಾಡಿಕೆಯಾಗಿದೆ. ಷಟ್‌ಸ್ಥಲದ ನಿರೂಪಣೆ, ಶೂನ್ಯತತ್ತ್ವದ ವಿವೇಚನೆ, ಅಲ್ಲಮಪ್ರಭುವಿನ ಬೆಡಗಿನ ನುಡಿಗಳ ಅರ್ಥನಿರ್ಣಯ ಇವುಗಳ ಕಡೆಗೆ ವಿದ್ವಾಂಸರ ಗಮನ ಹರಿದಷ್ಟು, ಆ ಗ್ರಂಥದಲ್ಲಿ ಬರುವ ಮನುಷ್ಯರ ನೋವಿನ ಕಡೆಗೆ ಹರಿದಿಲ್ಲ. ಆದರೆ ಸಾವಧಾನದಿಂದ ಓದುವ ಯಾರಿಗಾದರೂ ಒಂದು ಸಂಗತಿ ಗೋಚರಿಸದಿರದು. ಅಲ್ಲಮಪ್ರಭು ಆ ಗ್ರಂಥದಲ್ಲಿ ಭೇಟಿಯಾಗುವವರಲ್ಲಿ ಹಲವರು ಗಾಯಗೊಂಡವರು. ಒಬ್ಬಳು ಅಣ್ಣನನ್ನು ಕಳೆದುಕೊಂಡು ಅಳುತ್ತಿದ್ದಾಳೆ. ಒಬ್ಬನು ತನ್ನ ಲೋಕೋಪಕಾರದ ನಡುವೆಯೇ ಕೋಪದಿಂದ ಉರಿಯುತ್ತಿದ್ದಾನೆ. ಒಬ್ಬಳು ಅರಮನೆಯನ್ನೂ ಉಡುಗೆಯನ್ನೂ ತೊರೆದು ಬಂದು, ಅನುಭವಮಂಟಪದ ಬಾಗಿಲಲ್ಲಿ ಕಟುವಾದ ಪ್ರಶ್ನೆಗಳನ್ನು ಎದುರಿಸುತ್ತಿದ್ದಾಳೆ. ಇವರೆಲ್ಲರಿಗೂ ಪ್ರಭು ಕೊಡುವ ಮದ್ದು ಯಾವುದು? ಅದು ಸಾಂತ್ವನವೆ, ಖಂಡನೆಯೆ, ಅಥವಾ ಇವೆರಡನ್ನೂ ಮೀರಿದ ಬೇರೊಂದು ಬಗೆಯೆ? ಈ ಪ್ರಶ್ನೆಯನ್ನು ಯಥಾಮತಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಶ್ನೆ ಕೇವಲ ಸಾಹಿತ್ಯದ್ದಲ್ಲ. ನಮ್ಮ ಕಾಲ ಹಿಂಸೆಯ ಕಾಲ. ದೂರದ ಯುದ್ಧಗಳ ಮಾತು ಹಾಗಿರಲಿ, ವಚನಗಳ ಅಧ್ಯಯನದ ಅಂಗಳಕ್ಕೇ ರಕ್ತ ಹರಿದುದನ್ನು ನಾವು ಕಂಡಿದ್ದೇವೆ. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟಕ್ಕೆ ಪ್ರಧಾನ ಸಂಪಾದಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡೇಟಿಗೆ ಬಲಿಯಾದರು. ಅವರ ಅಭಿಪ್ರಾಯಗಳನ್ನು ಒಪ್ಪುವವರೂ ಒಪ್ಪದವರೂ ಇದ್ದರು. ಆದರೆ ವಿದ್ವಾಂಸನ ಮಾತಿಗೆ ಗುಂಡು ಉತ್ತರವಾದ ದಿನ ಇಬ್ಬರೂ ಸಮಾನವಾಗಿ ಬಡವಾದರು. ಹನ್ನೆರಡನೆಯ ಶತಮಾನದ ಶರಣರಿಗೂ ಹಿಂಸೆ ಹೊರಗಿನದಾಗಿರಲಿಲ್ಲ. 1167–68ರ ಸುಮಾರಿನಲ್ಲಿ ಕಲ್ಯಾಣ ಕದಡಿತು, ಶರಣರು ಚದುರಿದರು, ಚೆನ್ನಬಸವಣ್ಣನವರ ಜೊತೆಗಿದ್ದವರು ಉಳವಿಯ ದಾರಿ ಹಿಡಿದರು. ಆ ವಿಪ್ಲವದ ನೆನಪನ್ನು ಹೊತ್ತ ಸಮಾಜವೇ ಮುಂದೆ ಹದಿನೈದು–ಹದಿನಾರನೆಯ ಶತಮಾನಗಳಲ್ಲಿ ಶೂನ್ಯಸಂಪಾದನೆಯನ್ನು ಕಟ್ಟಿಕೊಂಡಿತು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಒಬ್ಬರ ನಂತರ ಒಬ್ಬರು ಅದನ್ನು ಸಂಕಲಿಸಿದರು. ಪುರಾಣಗಳು ಬಿಜ್ಜಳನ ಕೊಲೆಗೂ ಪವಾಡಗಳಿಗೂ ಕೊಟ್ಟ ಸ್ಥಳವನ್ನು ಈ ಸಂಕಲನಕಾರರು ಸಂವಾದಕ್ಕೆ ಕೊಟ್ಟರೆಂಬುದು ಗಮನಾರ್ಹ. ಕತ್ತಿಯ ನೆನಪಿದ್ದ ಜನ ಮಾತಿನ ಗ್ರಂಥವನ್ನು ಕಟ್ಟಿದರು. ಇದನ್ನು ಚರಿತ್ರೆಯ ದಾಖಲೆಯೆಂದು ನಾನು ಓದುತ್ತಿಲ್ಲ. ವಚನಗಳು ಹನ್ನೆರಡನೆಯ ಶತಮಾನದವು, ಅವುಗಳನ್ನು ಪೋಣಿಸಿದ ಕಥನದ ದಾರ ಮೂರು ಶತಮಾನ ಈಚಿನದು. ಆದರೆ ಪೋಣಿಸಿದ ಕ್ರಮದಲ್ಲಿಯೇ ಒಂದು ದರ್ಶನವಿದೆ.

1. ಮುಕ್ತಾಯಕ್ಕ

ಗ್ರಂಥದ ಆರಂಭದ ಭಾಗದಲ್ಲಿಯೇ ಮುಕ್ತಾಯಕ್ಕನ ಪ್ರಸಂಗ ಬರುತ್ತದೆ. ಆಕೆಯ ಅಣ್ಣ ಅಜಗಣ್ಣ. ಪರಂಪರೆಯ ಪ್ರಕಾರ ಲಕ್ಕುಂಡಿಯವನು. ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಗುಪ್ತವಾಗಿ ಇರಿಸಿಕೊಂಡವನು. ಮುಕ್ತಾಯಕ್ಕನಿಗೆ ಅವನು ಅಣ್ಣನಷ್ಟೇ ಅಲ್ಲ, ಗುರುವೂ ಹೌದು. ಅವನು ಐಕ್ಯನಾದ ಮೇಲೆ ಆಕೆ ಶೋಕದಲ್ಲಿ ಮುಳುಗಿದಾಗ ಅಲ್ಲಮಪ್ರಭು ಅಲ್ಲಿಗೆ ಬರುತ್ತಾನೆ.

ಸಾಮಾನ್ಯ ಉಪದೇಶಕನಾಗಿದ್ದರೆ ಏನು ಮಾಡುತ್ತಿದ್ದನು? ದೇಹ ನಶ್ವರ, ಆತ್ಮ ಶಾಶ್ವತ, ಅಳುವುದು ಅಜ್ಞಾನ ಎಂದು ಹೇಳಿ ಮುಗಿಸುತ್ತಿದ್ದನು. ಸಾವಿನ ಮನೆಯಲ್ಲಿ ಇಂಥ ಮಾತುಗಳನ್ನು ಕೇಳದವರು ಯಾರು? ಅವು ಸುಳ್ಳಲ್ಲ, ಆದರೆ ಅಳುವವರ ಕಿವಿಯನ್ನು ಅವು ಮುಟ್ಟುವುದಿಲ್ಲ. ಅಲ್ಲಮಪ್ರಭು ಮೊದಲು ಆಕೆ ಯಾರು, ಯಾರಿಗಾಗಿ ಈ ಶೋಕ ಎಂದು ವಿಚಾರಿಸುತ್ತಾನೆ. ಇದು ಲೋಕರೂಢಿಯ ಕುಶಲಪ್ರಶ್ನೆಯಲ್ಲ. ಆ ಪ್ರಶ್ನೆಯಿಂದ ಆಕೆಗೆ ಮಾತನಾಡುವ ಅವಕಾಶ ದೊರೆಯುತ್ತದೆ. ಅಣ್ಣನ ಹಿರಿಮೆಯನ್ನು, ಅವನ ಗುಪ್ತಭಕ್ತಿಯನ್ನು, ತನ್ನ ಅನಾಥತೆಯನ್ನು ಆಕೆ ತಾನೇ ನುಡಿಯುತ್ತಾಳೆ. ತನ್ನನ್ನು ತಾನರಿತವನ ವಿಷಯದಲ್ಲಿ ಸಾವೆಂಬ ಮಾತು ಸಲ್ಲದೆಂದು ಪ್ರಭು ತೋರಿಸಲು ಹೊರಟಾಗಲೂ ಆಕೆ ಸುಲಭವಾಗಿ ಒಪ್ಪುವುದಿಲ್ಲ. ಬದಲಿಗೆ ಪ್ರಭುವನ್ನೇ ಪ್ರಶ್ನಿಸುತ್ತಾಳೆ: ಅರಿವು ನೆಲೆಗೊಂಡಿದ್ದರೆ ಇನ್ನೂ ಈ ಮಾತೇಕೆ, ಮತ್ತೊಬ್ಬರಿಗೆ ಬೋಧಿಸುವ ಈ ಹಂಬಲವೇಕೆ ಎಂಬುದು ಆಕೆಯ ಆಕ್ಷೇಪದ ತಿರುಳು. ಅರಿತ ಅಣ್ಣ ಮೌನಿಯಾಗಿದ್ದ. ಅರಿತೆನೆನ್ನುವ ನೀನು ಮಾತನಾಡುತ್ತಿರುವೆ. ಶೋಕದಲ್ಲಿರುವ ಒಬ್ಬ ಹೆಣ್ಣುಮಗಳು ಪ್ರಭುವಿನಂಥವನನ್ನು ಹೀಗೆ ನಿಲ್ಲಿಸಿ ಕೇಳುವುದು ನಮ್ಮ ಸಾಹಿತ್ಯದ ಅಪೂರ್ವ ಸನ್ನಿವೇಶಗಳಲ್ಲಿ ಒಂದು.

ಇಲ್ಲಿ ಎರಡು ಅಂಶಗಳನ್ನು ವಾಚಕರು ಗಮನಿಸಬೇಕು. ಮೊದಲನೆಯದು, ಪ್ರಭು ಆಕೆಯ ಆಕ್ಷೇಪವನ್ನು ಅವಿನಯವೆಂದು ತಳ್ಳಿಹಾಕುವುದಿಲ್ಲ. ಅರಿತವನ ಮಾತು ಮೌನಕ್ಕೆ ವಿರೋಧಿಯಲ್ಲವೆಂಬ ಉತ್ತರವನ್ನು ಸಮಾನಸ್ಕಂಧಳಿಗೆ ಕೊಡುವಂತೆ ಕೊಡುತ್ತಾನೆ. ಶೋಕದಿಂದ ಕುಗ್ಗಿದ ಜೀವಕ್ಕೆ ತಾನೂ ವಾದಿಸಬಲ್ಲೆನೆಂಬ ಧೈರ್ಯ ಮರಳುವುದೇ ಗುಣವಾಗುವುದರ ಮೊದಲ ಲಕ್ಷಣ. ಎರಡನೆಯದು, ಆಕೆ ಕೊನೆಗೆ ಸಮಾಧಾನ ಹೊಂದುವುದು ಅಣ್ಣನನ್ನು ಮರೆತಲ್ಲ. ಮುಕ್ತಾಯಕ್ಕನ ವಚನಗಳ ಅಂಕಿತವನ್ನು ನೋಡಿರಿ: ಅದು ಅಜಗಣ್ಣನ ಹೆಸರೇ. ಯಾವ ಹೆಸರನ್ನು ನೆನೆದು ಆಕೆ ಅಳುತ್ತಿದ್ದಳೋ ಆ ಹೆಸರೇ ಆಕೆಯ ನುಡಿಗೆ ಮುದ್ರೆಯಾಗಿದೆ. ಶೋಕ ಅಳಿಯಲಿಲ್ಲ, ಅಂಕಿತವಾಯಿತು. ಅಗಲಿದವರನ್ನು ಮನಸ್ಸಿನಿಂದ ಕಿತ್ತೊಗೆಯುವುದೇ ಶಾಂತಿಯೆಂದು ತಿಳಿದವರಿಗೆ ಇದು ಬೇರೊಂದು ದಾರಿಯನ್ನು ತೋರುತ್ತದೆ. ತಾನು ಕಳೆದುಕೊಂಡವಳು ಎಂಬ ನಿಜವನ್ನು ಒಪ್ಪಿಕೊಂಡು, ಆ ನಿಜದ ಮೇಲೆಯೇ ನಿಂತು ಮಾತನಾಡುವ ದಾರಿ ಅದು.

2. ಅಂಕಿತವೆಂಬ ಸಾಕ್ಷಿ

ಅಂಕಿತದ ಮಾತು ಬಂದುದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಬಸವಣ್ಣ, ಅಕ್ಕಮಹಾದೇವಿ ಮೊದಲಾದವರು ತಮ್ಮ ಇಷ್ಟದೈವದ ನಾಮವನ್ನು ಅಂಕಿತವಾಗಿ ಇರಿಸಿಕೊಂಡರೆಂಬುದು ಸರ್ವವಿದಿತ. ಆದರೆ ಕೆಲವು ಶರಣರ ಅಂಕಿತಗಳು ಅವರ ಬದುಕಿನ ಅತ್ಯಂತ ನೋಯುವ ಜಾಗದಿಂದಲೇ ಹುಟ್ಟಿದಂತೆ ತೋರುತ್ತವೆ. ಅಂಬಿಗರ ಚೌಡಯ್ಯನ ಅಂಕಿತ ಬೇರೆ ಯಾವ ದೇವರ ಹೆಸರೂ ಅಲ್ಲ; ತನ್ನ ಕಸುಬು, ತನ್ನ ಹೆಸರು. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಚರ್ಮದ ಕೆಲಸದ ಹತ್ಯಾರುಗಳೇ ಸ್ಥಾನ ಪಡೆದಿವೆ. ಯಾವ ಕಸುಬನ್ನು ಹೇಳಿ ಲೋಕ ಅವರನ್ನು ಹಿಂದಕ್ಕೆ ತಳ್ಳುತ್ತಿತ್ತೋ ಅದನ್ನು ಅವರು ಮರೆಮಾಚಲಿಲ್ಲ. ವಚನದ ಕೊನೆಯಲ್ಲಿ, ದೇವರ ಹೆಸರು ಬರಬೇಕಾದ ಜಾಗದಲ್ಲಿ ಇರಿಸಿದರು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವ ಉದಾಹರಣೆ ಸೂಳೆ ಸಂಕವ್ವೆಯದು. ಆಕೆಯದೆಂದು ನಮಗೆ ದೊರೆತಿರುವುದು ಒಂದೇ ವಚನ. ಅಂಕಿತ ನಿರ್ಲಜ್ಜೇಶ್ವರ. ಒಬ್ಬನಿಂದ ಮುಂಗಡ ಪಡೆದ ಮೇಲೆ ಮತ್ತೊಬ್ಬನಿಂದ ಪಡೆಯಲಾರೆನೆಂಬ ತನ್ನ ವೃತ್ತಿಯ ನಿಯಮವನ್ನೇ ಆಕೆ ವ್ರತನಿಷ್ಠೆಯ ಭಾಷೆಯಾಗಿ ಮಾಡಿಕೊಂಡಿದ್ದಾಳೆ. ಸಮಾಜ ಆಕೆಯನ್ನು ನಾಚಿಕೆಗೆಟ್ಟವಳು ಎಂದಿತು. ಆಕೆ ಆ ಬೈಗುಳವನ್ನು ಸಮಾಜಕ್ಕೆ ಹಿಂದಿರುಗಿಸಲೂ ಇಲ್ಲ, ಅದರ ಭಾರಕ್ಕೆ ಕುಸಿಯಲೂ ಇಲ್ಲ. ನಾಚಿಕೆ ಇಲ್ಲದಿರುವವನು ನನ್ನ ಈಶ್ವರನೇ ಎಂದು ಅದನ್ನು ಮೇಲಕ್ಕೆ ಎತ್ತಿ ಇರಿಸಿದಳು. ಭಗವಂತನಿಗೆ ಯಾರನ್ನು ಕಂಡೂ ನಾಚಿಕೆಯಿಲ್ಲವೆಂಬ ಮಹಾಸತ್ಯ ಆ ಒಂದು ಅಂಕಿತದಲ್ಲಿ ಅಡಗಿದೆ.

ಆದರೆ ವಿಮರ್ಶಕನು ಇಲ್ಲಿ ಒಂದನ್ನು ಮರೆಮಾಚಬಾರದು. ಅದೇ ವಚನದಲ್ಲಿ ವ್ರತಭಂಗಕ್ಕೆ ಆಕೆ ಹೇಳಿಕೊಳ್ಳುವ ಶಿಕ್ಷೆಗಳು ಅತಿ ಘೋರವಾದವು. ಅಂಗಛೇದದ, ಸಾರ್ವಜನಿಕ ಅವಮಾನದ ಚಿತ್ರಗಳು ಅಲ್ಲಿವೆ. ಅವು ಆಕೆಯ ಕಲ್ಪನೆಯಿಂದ ಹುಟ್ಟಿದವುಗಳೆಂದು ನನಗೆ ತೋರುವುದಿಲ್ಲ. ಅಂಥ ಹೆಣ್ಣಿನ ಮೇಲೆ ಆ ಲೋಕ ಎತ್ತಬಹುದಾಗಿದ್ದ ಕೈ ಆ ಚಿತ್ರಗಳಲ್ಲಿ ಕಾಣುತ್ತದೆ. ಹಿಂಸೆಯ ಲೋಕದಲ್ಲಿ ಬದುಕಿದವರ ಭಕ್ತಿಯ ಭಾಷೆಯಲ್ಲಿಯೂ ಹಿಂಸೆಯ ಗುರುತು ಉಳಿಯುತ್ತದೆ. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಈ ಕಲೆಯನ್ನು ತೊಳೆದು ಸಂಕವ್ವೆಯನ್ನು ನಿಷ್ಕಳಂಕ ಮೂರ್ತಿಯಾಗಿ ಮಾಡಿ ಪೂಜಿಸುವುದು ಆಕೆಗೆ ನಾವು ಮಾಡುವ ಎರಡನೆಯ ಅನ್ಯಾಯವಾದೀತು.

3. ಬಸವಣ್ಣನವರ ಆತ್ಮನಿಂದೆಯ ಪ್ರಶ್ನೆ

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಶರಣರು ತಮ್ಮನ್ನು ತಾವು ಒಪ್ಪಿಕೊಂಡವರೆಂದು ಹೇಳುವುದಾದರೆ ಬಸವಣ್ಣನವರ ಆತ್ಮನಿಂದೆಯ ವಚನಗಳನ್ನು ಏನೆನ್ನಬೇಕು? ತನ್ನ ಮನಸ್ಸನ್ನು ಕೋತಿಗೆ ಹೋಲಿಸಿಕೊಳ್ಳುವುದು, ಭಕ್ತರೆಲ್ಲರಿಗಿಂತ ತನ್ನನ್ನು ಕಿರಿಯನೆಂದು ಕರೆದುಕೊಳ್ಳುವುದು, ತನ್ನ ಭಕ್ತಿಯೇ ತೋರಿಕೆಯದೆಂದು ಸಂದೇಹಿಸುವುದು, ಇವೆಲ್ಲ ತನ್ನನ್ನು ನಿರಾಕರಿಸುವ ಮಾತುಗಳಲ್ಲವೆ? ಇಂಥ ವಚನಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಿಂದ ಅವರಲ್ಲಿ ಕೀಳರಿಮೆ ಬೆಳೆಯದೆ ಎಂದು ಕೇಳುವವರಿದ್ದಾರೆ. ಕನ್ನಡ ಪಂಡಿತನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಆ ವಚನಗಳನ್ನು ಬೋಧಿಸಿದ ನಾನು ಈ ಆಕ್ಷೇಪವನ್ನು ಲಘುವಾಗಿ ಎಣಿಸಲಾರೆ.

ಉತ್ತರಕ್ಕಾಗಿ ಎರಡು ವಿಷಯಗಳನ್ನು ನೋಡಬೇಕು. ಒಂದು, ಆ ಮಾತುಗಳನ್ನು ಆಡುತ್ತಿರುವವನು ಯಾರು? ಹುಟ್ಟಿನಿಂದ ಅಗ್ರವರ್ಣದವನು, ಅಧಿಕಾರದಿಂದ ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತವನು. ಲೋಕ ಅವನನ್ನು ಎತ್ತರದಲ್ಲಿ ಕೂರಿಸಿತ್ತು. ಅವನು ತಾನಾಗಿ ಕೆಳಗೆ ಇಳಿದು ಬಂದು, ತನ್ನನ್ನು ದಾಸರ, ಮಾದಾರರ ಮನೆಯ ಮಗನೆಂದು ಹೇಳಿಕೊಂಡನು. ಅದು ಕೀಳರಿಮೆಯಲ್ಲ, ಸುಳ್ಳು ಎತ್ತರವನ್ನು ಬಿಟ್ಟು ನಿಜವಾದ ನೆಲವನ್ನು ಮುಟ್ಟುವ ಕ್ರಮ. ಅದೇ ಮಾತನ್ನು ಲೋಕವೇ ನೆಲಕ್ಕೆ ತುಳಿದವರ ಬಾಯಿಗೆ ನಾವು ತುರುಕಿದರೆ ಮದ್ದು ವಿಷವಾಗುತ್ತದೆ. ಚೌಡಯ್ಯನ ವಚನಗಳಲ್ಲಿ ಎದೆಯುಬ್ಬಿಸಿ ನಿಂತ ನಿಲುವು ಕಾಣುತ್ತದೆಯೇ ಹೊರತು ಬಸವಣ್ಣನವರ ಬಾಗುವಿಕೆ ಕಾಣುವುದಿಲ್ಲ. ಸಂಕವ್ವೆಯ ಒಂದು ವಚನದಲ್ಲಿಯೂ ನಾನು ಕಿರಿಯಳೆಂಬ ಮಾತಿಲ್ಲ. ಶರಣರ ವೈದ್ಯದಲ್ಲಿ ರೋಗಿಗೆ ತಕ್ಕ ಔಷಧವಿದೆ: ಬೀಗಿದವನಿಗೆ ಬಾಗುವುದು, ಬಾಗಿಸಲ್ಪಟ್ಟವನಿಗೆ ನೆಟ್ಟಗೆ ನಿಲ್ಲುವುದು. ಎರಡರ ಗುರಿಯೂ ಒಂದೇ. ತಾನು ಇರುವಷ್ಟೇ ಆಗಿರುವುದು. ಪಠ್ಯಪುಸ್ತಕಗಳು ಈ ವಿವೇಚನೆಯಿಲ್ಲದೆ ಎಲ್ಲ ಮಕ್ಕಳಿಗೂ ಬಾಗುವ ವಚನಗಳನ್ನೇ ಹೆಚ್ಚಾಗಿ ಕೊಟ್ಟರೆ ಅದು ಸಂಕಲನಕಾರರ ದೋಷವೇ ಹೊರತು ಬಸವಣ್ಣನವರದಲ್ಲ.

ಎರಡನೆಯದು, ಆ ನಿಂದೆ ಯಾರ ಮುಂದೆ ನಡೆಯುತ್ತಿದೆ? ಕೂಡಲಸಂಗಮದೇವನ ಮುಂದೆ, ಶರಣರು ಕೇಳುತ್ತಿರುವಾಗ. ಒಂಟಿಯಾಗಿ ತನ್ನನ್ನು ತಾನು ಬೈದುಕೊಳ್ಳುವವನು ತನ್ನೊಳಗೇ ಸುತ್ತುತ್ತಾನೆ. ಅದೂ ಅಹಂಕಾರದ ಒಂದು ರೂಪವೇ. ಪ್ರೀತಿಸುವವರ ಎದುರು ತನ್ನ ತಪ್ಪನ್ನು ಬಿಚ್ಚಿಡುವವನಿಗೆ, ತಪ್ಪು ತಿಳಿದ ಮೇಲೂ ತನ್ನನ್ನು ಹೊರಗೆ ಹಾಕಲಾರರೆಂಬ ನೆಚ್ಚಿಕೆ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1961ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಮನುಷ್ಯನು ತಾನಿರುವಂತೆ ತನ್ನನ್ನು ಒಪ್ಪಿಕೊಂಡ ಮೇಲೆಯೇ ನಿಜವಾದ ಬದಲಾವಣೆ ಸಾಧ್ಯವೆಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ಹಾಗೆ ಒಪ್ಪಿಕೊಳ್ಳಲು ಷರತ್ತಿಲ್ಲದೆ ತನ್ನನ್ನು ಆದರಿಸುವ ಇನ್ನೊಬ್ಬರ ಸನ್ನಿಧಿ ಬೇಕೆಂದರು. ಅವರ ದಾರಿ ಬೇರೆ, ಶರಣರ ದಾರಿ ಬೇರೆ. ರೋಜರ್ಸರ ಚಿಕಿತ್ಸೆಯಲ್ಲಿ ಲಿಂಗವಿಲ್ಲ. ಆದರೂ ಸನ್ನಿಧಿಯ ಅಗತ್ಯದ ವಿಷಯದಲ್ಲಿ ಎರಡೂ ಒಂದೆಡೆ ಕೂಡುತ್ತವೆ. ಜಂಗಮವೆಂಬ ತತ್ತ್ವವನ್ನು, ಅನುಭವಗೋಷ್ಠಿಯೆಂಬ ಸಂಸ್ಥೆಯನ್ನು ನಾವು ಈ ದೃಷ್ಟಿಯಿಂದಲೂ ನೋಡಬಹುದು.

ಬಸವಣ್ಣನವರ ಸಪ್ತನಿಷೇಧಗಳ ವಚನವನ್ನು ಎಲ್ಲರೂ ಬಲ್ಲರು. ಅದರಲ್ಲಿ ಕಳವು, ಕೊಲೆ, ಸುಳ್ಳುಗಳ ನಿಷೇಧದೊಡನೆ ಕೋಪ, ಅನ್ಯರ ಬಗೆಗಿನ ಹೇಸಿಕೆ, ಆತ್ಮಪ್ರಶಂಸೆ, ಪರನಿಂದೆ ಇವುಗಳ ನಿಷೇಧವೂ ಒಂದೇ ಸಾಲಿನಲ್ಲಿ ನಿಂತಿದೆ. ಕೊಲೆಯಂಥ ಮಹಾಪಾತಕದ ಪಕ್ಕದಲ್ಲಿ ತನ್ನನ್ನು ಹೊಗಳಿಕೊಳ್ಳುವ ಸಣ್ಣ ದೋಷವನ್ನು ಇರಿಸಿದುದೇಕೆ? ನನಗೆ ತೋರುವ ಉತ್ತರವಿದು. ತನ್ನ ನಿಜವನ್ನು ಎದುರಿಸಲಾರದವನು ಮೊದಲು ತನ್ನನ್ನು ಬಣ್ಣದಿಂದ ಮುಚ್ಚಿಕೊಳ್ಳುತ್ತಾನೆ, ಆ ಬಣ್ಣಕ್ಕೆ ಧಕ್ಕೆ ತರುವವರನ್ನು ಹಳಿಯುತ್ತಾನೆ, ಅವರ ಬಗ್ಗೆ ಅಸಹ್ಯ ಪಡುತ್ತಾನೆ, ಮುನಿಯುತ್ತಾನೆ, ಮುನಿಸು ಬೆಳೆದಂತೆ ಕೈ ಏಳುತ್ತದೆ. ಆತ್ಮಪ್ರಶಂಸೆಯಿಂದ ಕೊಲೆಯವರೆಗಿನ ದಾರಿ ನಾವು ತಿಳಿದಷ್ಟು ದೂರದ್ದಲ್ಲ.

4. ಸಿದ್ಧರಾಮ

ಈ ದಾರಿಯ ಸ್ಪಷ್ಟವಾದ ನಿದರ್ಶನ ಸಿದ್ಧರಾಮನ ಪ್ರಸಂಗ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದಾನೆ, ಗುಡಿಗಳನ್ನು ಎತ್ತಿಸುತ್ತಿದ್ದಾನೆ. ಅವನ ಲೋಕಹಿತದ ಬಗ್ಗೆ ಯಾರೂ ಸಂದೇಹಪಡುವಂತಿಲ್ಲ. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಬರಿಯ ಮಣ್ಣುಗೆಲಸದವನೆಂದು ಹಗುರಾಗಿ ಕರೆಯುತ್ತಾನೆ. ಕೆಲಸದ ಜನ ಕೆರಳಿ ಪ್ರಭುವಿನ ಮೇಲೆ ಕಲ್ಲು ತೂರುತ್ತಾರೆ. ಸುದ್ದಿ ತಿಳಿದು ಬಂದ ಸಿದ್ಧರಾಮನೂ ಕೋಪಾವಿಷ್ಟನಾಗುತ್ತಾನೆ. ಅವನ ಹಣೆಗಣ್ಣಿನಿಂದ ಬೆಂಕಿ ಹೊರಡುತ್ತದೆ. ಆ ಬೆಂಕಿ ಪ್ರಭುವನ್ನು ಸುಡಲಾರದೆ ಹೋಗುತ್ತದೆ.

ಪವಾಡದ ಹೊದಿಕೆಯನ್ನು ಸರಿಸಿ ನೋಡಿದರೆ ಸನ್ನಿವೇಶ ನಿತ್ಯದ್ದೇ. ಒಳ್ಳೆಯ ಕೆಲಸ ಮಾಡುವವನ ಒಳಗೆ ಬೆಂಕಿ ಇತ್ತು. ಅವನ ಸುತ್ತಲಿನ ಜನರ ಕೈಯಲ್ಲಿ ಕಲ್ಲು ಇತ್ತು. ಒಂದು ಚುಚ್ಚುಮಾತು ಎರಡನ್ನೂ ಹೊರತೆಗೆಯಿತು. ಪ್ರಭುವಿನ ಮಾತು ಸಿದ್ಧರಾಮನಲ್ಲಿ ಇಲ್ಲದ ಕೋಪವನ್ನು ಹುಟ್ಟಿಸಲಿಲ್ಲ. ಇದ್ದುದನ್ನು ಬೆಳಕಿಗೆ ತಂದಿತು. ಅನಂತರದ ಸಂವಾದದಲ್ಲಿ ಪ್ರಭು ಕೆರೆಗಳನ್ನು ನಿಂದಿಸುವುದಕ್ಕಿಂತ ಹೆಚ್ಚಾಗಿ, ತನ್ನನ್ನು ಅರಿಯದೆ ಮಾಡಿದ ಪರೋಪಕಾರವೂ ಬಂಧನವೇ ಎಂಬುದನ್ನು ಮನಗಾಣಿಸುತ್ತಾನೆ. ನಾನು ಲೋಕಕ್ಕಾಗಿ ದುಡಿಯುತ್ತಿದ್ದೇನೆ, ಆದ್ದರಿಂದ ನನ್ನ ಕೋಪ ಸಕಾರಣವಾದುದು ಎಂಬ ಸಮರ್ಥನೆಗೆ ಅಲ್ಲಿ ಎಡೆಯಿಲ್ಲ.

ಈ ಭಾಗವನ್ನು ಬರೆಯುವಾಗ ನನ್ನ ಸ್ವಂತದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋದರೆ ಅದು ಅಪ್ರಾಮಾಣಿಕತೆಯಾದೀತು. ನಾನು ವೃತ್ತಿಗೆ ಸೇರಿದ ಕಾಲದಲ್ಲಿ ಬೆತ್ತವಿಲ್ಲದ ಉಪಾಧ್ಯಾಯನನ್ನು ಯಾರೂ ಗಣಿಸುತ್ತಿರಲಿಲ್ಲ. ನಾನೂ ಹೊಡೆಯುತ್ತಿದ್ದೆ. ಒಂದು ದಿನ ವಚನವನ್ನೇ ಬಾಯಿಪಾಠ ಒಪ್ಪಿಸಲಾರದ ಹುಡುಗನೊಬ್ಬನ ಕೈಗೆ ಹೊಡೆದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡನೆಂದು ಇನ್ನೂ ಕೆರಳಿ ಮತ್ತೆ ಹೊಡೆದೆ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ತನ್ನ 17ನೆಯ ಕಲಮಿನಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುವುದಕ್ಕೆ ಬಹಳ ಮೊದಲೇ ನಾನು ಬೆತ್ತವನ್ನು ಬಿಟ್ಟಿದ್ದೆ. ಆದರೆ ಬಿಟ್ಟುದಕ್ಕೆ ಕಾರಣವನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ನಿವೃತ್ತನಾದ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬ ನಡುವಯಸ್ಸಿನವರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಅದೇ ಹುಡುಗ. “ಗುರುಗಳೇ, ನೀವು ಅಂದು ಹೊಡೆದು ಬುದ್ಧಿ ಹೇಳಿದ್ದಕ್ಕೇ ನಾನು ಇಂದು ನಾಲ್ಕು ಜನರ ನಡುವೆ ಬದುಕಿದ್ದೇನೆ” ಎಂದರು. ಆ ಮಾತಿನಿಂದ ಸಂತೋಷಪಡಲು ಹೊರಟವನ ಕಣ್ಣಿಗೆ, ಮುಗಿದ ಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿದ್ದ ಕಿರುಬೆರಳು ಬಿತ್ತು. ಏನಾಯಿತೆಂದು ಕೇಳಿದೆ. ಅವರು ನಕ್ಕು, “ಅದು ಆಗಿನದೇ, ಬಿಡಿ ಗುರುಗಳೇ” ಎಂದರು.

ಆ ದಿನದಿಂದ ಎಷ್ಟೋ ರಾತ್ರಿ ನಿದ್ರೆ ಬಾರದೆ ಕಳೆದೆ. ಮನಸ್ಸು ಎರಡು ಕಡೆಗೆ ಎಳೆಯುತ್ತಿತ್ತು. ಆ ಕಾಲವೇ ಹಾಗಿತ್ತು, ಒಳ್ಳೆಯದಕ್ಕೇ ಹೊಡೆದೆ, ಅವರೇ ಕ್ಷಮಿಸಿದ್ದಾರೆ ಎಂಬುದು ಒಂದು ಕಡೆ. ನೀನು ಪಾಪಿ, ವಚನವನ್ನು ಮುಟ್ಟಲು ಯೋಗ್ಯನಲ್ಲ ಎಂಬುದು ಇನ್ನೊಂದು ಕಡೆ. ಸಿದ್ಧರಾಮನ ಪ್ರಸಂಗವನ್ನು ಮತ್ತೆ ಓದುತ್ತಿದ್ದಾಗ ಇವೆರಡೂ ಒಂದೇ ತಪ್ಪಿಸಿಕೊಳ್ಳುವಿಕೆಯ ಎರಡು ಬಾಗಿಲುಗಳೆಂದು ಹೊಳೆಯಿತು. ಸಮರ್ಥನೆ ಮಾಡಿಕೊಳ್ಳುವವನು ಆ ಬೆರಳನ್ನು ನೋಡುವುದಿಲ್ಲ. ತನ್ನನ್ನೇ ಶಪಿಸಿಕೊಳ್ಳುವವನೂ ನೋಡುವುದಿಲ್ಲ, ಅವನ ಕಣ್ಣೆಲ್ಲ ತನ್ನ ಮೇಲೆಯೇ. ಸಿದ್ಧರಾಮನು ಕೋಪವನ್ನು ಸಮರ್ಥಿಸಲಿಲ್ಲ; ಕೋಪಗೊಂಡೆನೆಂದು ಸೊನ್ನಲಿಗೆಯಲ್ಲಿಯೇ ಕುಸಿದು ಕೂರಲೂ ಇಲ್ಲ. ಪ್ರಭುವಿನೊಡನೆ ಎದ್ದು ಕಲ್ಯಾಣಕ್ಕೆ ನಡೆದನು. ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದನು. ಮುಂದೆ ಶೂನ್ಯಸಿಂಹಾಸನದ ಪರಂಪರೆಯಲ್ಲಿ ಅವನಿಗೂ ಸ್ಥಾನ ದೊರೆಯಿತು. ಹಣೆಯಿಂದ ಬೆಂಕಿ ಹೊರಟ ಸಂಗತಿಯನ್ನು ಸಂಕಲನಕಾರರು ಅವನ ಗೌರವಾರ್ಥವಾಗಿ ಮುಚ್ಚಿಡಲಿಲ್ಲವೆಂಬುದು ನಮಗೆಲ್ಲ ಪಾಠವಾಗಬೇಕು.

5. ಪ್ರಸಾದಿಯ ನಿಲುವು

ತನ್ನನ್ನು ತಾನು ಒಪ್ಪಿಕೊಳ್ಳುವುದೆಂಬ ಮಾತು ಇತ್ತೀಚೆಗೆ ಹಲವು ಪುಸ್ತಕಗಳಲ್ಲಿ, ಉಪನ್ಯಾಸಗಳಲ್ಲಿ ಕೇಳಿಬರುತ್ತಿದೆ. ನೀನು ಇರುವಂತೆಯೇ ಚೆನ್ನಾಗಿರುವೆ, ನಿನ್ನನ್ನು ನೀನು ಪ್ರೀತಿಸು ಎಂಬುದು ಅದರ ಸಾರ. ನೊಂದವರಿಗೆ ಅದು ಸ್ವಲ್ಪ ಹೊತ್ತು ತಂಪು ನೀಡೀತು. ಆದರೆ ಶರಣರ ಮಾರ್ಗವನ್ನು ಇದರೊಡನೆ ಬೆರಸಬಾರದು.

ಷಟ್‌ಸ್ಥಲದ ಕ್ರಮವನ್ನೇ ನೋಡಿರಿ. ಭಕ್ತನದು ಶ್ರದ್ಧಾಭಕ್ತಿ, ಮಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಆಮೇಲೆ ಪ್ರಾಣಲಿಂಗಿ, ಶರಣ, ಐಕ್ಯ. ಒಪ್ಪಿಕೊಳ್ಳುವ ಸ್ಥಲ ಪ್ರಸಾದಿಸ್ಥಲ. ಬಂದುದನ್ನು ಲಿಂಗಕ್ಕೆ ಅರ್ಪಿಸಿ, ಅರ್ಪಿತವಾದುದನ್ನು ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ನಾವು ಈ ತತ್ತ್ವವನ್ನು ಅನ್ನಕ್ಕೆ, ಹಣ್ಣಿಗೆ, ನೀರಿಗೆ ಅನ್ವಯಿಸುತ್ತೇವೆ. ದೇಹವೇ ಪ್ರಸಾದವೆಂಬ ಭಾವನೆಯೂ ಶರಣರಲ್ಲಿದೆ. ಹಾಗಾದರೆ ಈ ದೇಹದ ನೆನಪು, ಅದರ ಶೋಕ, ಅದು ಮಾಡಿದ ತಪ್ಪು ಇವೂ ಅರ್ಪಿಸಬೇಕಾದವುಗಳಲ್ಲವೆ? ಚೆನ್ನಾದುದನ್ನು ಮಾತ್ರ ಆರಿಸಿ ಅರ್ಪಿಸಿ, ಉಳಿದುದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರೆ ಅದು ಪೂರ್ಣಾರ್ಪಣೆಯಾಗಲಾರದು. ಮುಕ್ತಾಯಕ್ಕ ಶೋಕವನ್ನು ಅರ್ಪಿಸಿದಳು. ಸಂಕವ್ವೆ ಲಜ್ಜೆಯನ್ನು ಅರ್ಪಿಸಿದಳು. ಸಿದ್ಧರಾಮ ಕೋಪವನ್ನು ಅರ್ಪಿಸಿದನು. ಅವರಿಗೆ ಅವು ಪ್ರಸಾದವಾಗಿ ಮರಳಿದವು. ಶೋಕ ಅಂಕಿತವಾಗಿ, ಲಜ್ಜೆ ಈಶ್ವರನಾಮವಾಗಿ, ಕೋಪ ಅರಿವಿನ ದಾರಿಯಾಗಿ ಬಂದವು.

ಇಲ್ಲಿ ಕ್ರಮದ ಮಹತ್ವವನ್ನು ಮರೆಯಬಾರದು. ಪ್ರಸಾದಿಗಿಂತ ಮೊದಲು ಮಹೇಶನಿದ್ದಾನೆ. ಎಂದರೆ ಒಪ್ಪಿಕೊಳ್ಳುವುದಕ್ಕೆ ಮೊದಲು ನಿಷ್ಠೆ, ತಪ್ಪನ್ನು ತಪ್ಪೆನ್ನುವ ಕಠಿಣತೆ ಬೇಕು. ಅದಿಲ್ಲದ ಒಪ್ಪಿಗೆ ಬರಿಯ ಸಡಿಲತೆ. ಹಾಗೆಯೇ ಮಹೇಶನಲ್ಲಿಯೇ ನಿಂತುಬಿಟ್ಟವನು ತನ್ನನ್ನೂ ಲೋಕವನ್ನೂ ದಂಡಿಸುತ್ತ ಕಾಲ ಕಳೆಯುತ್ತಾನೆ. ಪ್ರಸಾದಿಯ ಭಕ್ತಿಗೆ ಅವಧಾನವೆಂಬ ಹೆಸರು ಇರುವುದು ಆಕಸ್ಮಿಕವಲ್ಲ. ಕಣ್ಣು ತಪ್ಪಿಸದೆ ನೋಡುವುದೇ ಅವಧಾನ.

6. ಉಪಸಂಹಾರ

ಹೀಗೆ ತನ್ನನ್ನು ತಾನು ನೋಡಿಕೊಳ್ಳುವುದರಿಂದ ಲೋಕದ ಹಿಂಸೆ ನಿಲ್ಲುವುದೆ ಎಂದು ಕೇಳಿದರೆ, ನಿಲ್ಲುವುದೆಂದು ಹೇಳಲು ನನಗೆ ಧೈರ್ಯವಿಲ್ಲ. ಅನುಭವಮಂಟಪದ ಸಂವಾದಗಳು ಕಲ್ಯಾಣದ ಕತ್ತಿಯನ್ನು ತಡೆಯಲಿಲ್ಲ. ಲೋಕವನ್ನು ತಿದ್ದಲು ಹೊರಡುವ ಮೊದಲು ತಮ್ಮ ತನುಮನಗಳನ್ನು ನೇರಮಾಡಿಕೊಳ್ಳಬೇಕೆಂದ ಬಸವಣ್ಣನವರೂ ಲೋಕದಿಂದ ಓಡಿಹೋಗಲಿಲ್ಲ. ಅದೇ ಲೋಕದ ನಡುವೆ ಭಂಡಾರದ ಲೆಕ್ಕ ನೋಡುತ್ತ, ಮಹಾಮನೆಯ ಬಾಗಿಲನ್ನು ತೆರೆದಿಟ್ಟುಕೊಂಡು ಬದುಕಿದರು. ಆದ್ದರಿಂದ ಒಳಗಿನ ಸಮಾಧಾನವನ್ನು ಹೊರಗಿನ ಅನ್ಯಾಯಕ್ಕೆ ಕಿವುಡಾಗಲು ಬಳಸುವವರಿಗೆ ಶರಣಸಾಹಿತ್ಯದಲ್ಲಿ ಆಸರೆಯಿಲ್ಲ. ಆದರೆ ಇಷ್ಟು ಮಾತ್ರ ಹೇಳಬಹುದು. ತನ್ನೊಳಗಿನ ಬೆಂಕಿಯನ್ನು ತನ್ನದೆಂದು ಒಪ್ಪಿಕೊಂಡವನು ಅದನ್ನು ಎಸೆಯಲು ಎದುರಿಗೊಬ್ಬ ಶತ್ರುವನ್ನು ಹುಡುಕುವುದಿಲ್ಲ. ಲೋಕದಲ್ಲಿ ಒಂದು ಕಲ್ಲು ಕಡಿಮೆಯಾಗುತ್ತದೆ. ಒಂದು ಬೆತ್ತ ಮೂಲೆ ಸೇರುತ್ತದೆ.

ಕಳೆದ ವರ್ಷ ನಾನು ಆ ಹಳೆಯ ವಿದ್ಯಾರ್ಥಿಯ ಮನೆಯನ್ನು ಹುಡುಕಿಕೊಂಡು ಹೋದೆ. ನಾನು ಹೊಡೆದುದು ನಿಮ್ಮ ಒಳ್ಳೆಯದಕ್ಕಲ್ಲ, ನನ್ನ ಕೋಪಕ್ಕೆ ಎಂದು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಶಾಲೆ ಬಿಟ್ಟ ಮೇಲಿನ ತಮ್ಮ ವರ್ಷಗಳ ಕಷ್ಟವನ್ನು ಮೊದಲ ಬಾರಿಗೆ ಹೇಳಿದರು. ಬಸ್ ನಿಲ್ದಾಣದಲ್ಲಿ ಆಡಿದ ಹೊಗಳಿಕೆಯ ಮಾತನ್ನು ಮತ್ತೆ ಆಡಲಿಲ್ಲ. ನಾನು ಕೇಳಿಸಿಕೊಂಡೆ. ಹೊರಡುವಾಗ ಅವರ ಮನೆಯಲ್ಲಿ ಪ್ರಸಾದ ಮಾಡಿಯೇ ಹೋಗಬೇಕೆಂದು ಹೇಳಿದರು, ಮಾಡಿ ಬಂದೆ. ಆ ಬೆರಳು ಇಂದಿಗೂ ಸೊಟ್ಟಗೇ ಇದೆ.

ಶರಣರ ನುಡಿಯನ್ನು ಮೂರು ದಶಕ ಬೋಧಿಸಿ, ಬಹು ತಡವಾಗಿ ಕಲಿಯಲು ಆರಂಭಿಸಿದವನ ಬರಹವಿದು. ಇದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬಿನ್ನವಿಸುತ್ತೇನೆ.